ರಿಲೇ ಓಟದಲ್ಲಿ ಗಡಿಯಾರ ಅಳೆಯುವುದು ಬ್ಯಾಟನ್ನಿನ ಪಯಣವನ್ನು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಹತ್ತನೆಯ ತರಗತಿಯಲ್ಲಿರುವ ನನ್ನ ಮಗ ಶಾಲೆಯ 4×100 ಮೀಟರ್ ರಿಲೇ ತಂಡದ ಮೂರನೆಯ ಓಟಗಾರ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಪುರುಷರ ತಂಡ ಅಮೆರಿಕದ ಬೆನ್ನಹಿಂದೆಯೇ ಗುರಿ ಮುಟ್ಟಿದ 4×400 ಓಟವನ್ನು ಅವನೊಂದಿಗೆ ಕುಳಿತು ಮತ್ತೆ ನೋಡಿದೆ. ವೈಯಕ್ತಿಕ 400 ಮೀಟರ್‌ನಲ್ಲಿ ಫೈನಲ್ ತಲುಪದ ನಮ್ಮವರು ನಾಲ್ವರು ಸೇರಿದಾಗ ಹಾಗೆ ಓಡಿದ್ದು ಹೇಗೆ? ಅತಿ ವೇಗದ ಓಟಗಾರರಿರುವ ಅಮೆರಿಕ 4×100ರಲ್ಲಿ ಪದೇಪದೇ ಅನರ್ಹಗೊಳ್ಳುವುದೇಕೆ? ನನ್ನ ಮಗನ ತಂಡದಲ್ಲೂ ಶಾಲೆಯ ನಾಲ್ವರು ಅತಿ ವೇಗದ ಹುಡುಗರೇ ಇದ್ದಾರೆ. ಆದರೂ ತಮಗಿಂತ ನಿಧಾನವಾಗಿ ಓಡುವ ತಂಡಕ್ಕೆ ಸೋತರು, ಒಮ್ಮೆ ಕೈಯಿಂದ ಕೈಗೆ ದಾಟಿಸುವ ಕೋಲು, ಅಂದರೆ ಬ್ಯಾಟನ್ ಕೂಡ ಕೆಳಗೆ ಬಿತ್ತು. ಅವರು ಏನು ಮಾಡಬೇಕು?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ನಾಲ್ವರ ವೇಗವನ್ನು ಕೂಡಿಸಿದರೆ ತಂಡದ ವೇಗ ಸಿಗುತ್ತದೆ ಎಂಬ ಎಣಿಕೆಯಿಂದ ನಾವು ರಿಲೇ ಓಟವನ್ನು ನೋಡುತ್ತೇವೆ. ಗಡಿಯಾರಕ್ಕೆ ಆ ಎಣಿಕೆ ಗೊತ್ತಿಲ್ಲ. ಕೊನೆಯ ಗೆರೆಯನ್ನು ದಾಟುವುದು ಓಟಗಾರನ ಎದೆಯೇ ಆದರೂ, ಅಲ್ಲಿಯವರೆಗೆ ಗಡಿಯಾರ ಲೆಕ್ಕ ಹಾಕಿರುವುದು ಒಂದು ಬ್ಯಾಟನ್ ನಿಲ್ಲದೆ, ನಿಧಾನಿಸದೆ ಎಷ್ಟು ಹೊತ್ತಿನಲ್ಲಿ ಸಾಗಿತು ಎಂಬುದನ್ನು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬುಡಾಪೆಸ್ಟ್‌ನ ಓಟವೂ ನಿಮ್ಮ ಮಗನ ಶಾಲೆಯ ಓಟವೂ ಒಟ್ಟಿಗೇ ಅರ್ಥವಾಗುತ್ತವೆ.

ಮೊದಲು ಬುಡಾಪೆಸ್ಟ್‌ನ ಲೆಕ್ಕವನ್ನೇ ತೆಗೆದುಕೊಳ್ಳೋಣ. 2023ರ ಆಗಸ್ಟ್ 26ರಂದು ನಡೆದ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಅರ್ಹತೆ ನಿರ್ಧರಿಸುವ ಸುತ್ತಿನಲ್ಲಿ, ಮುಹಮ್ಮದ್ ಅನಸ್ ಯಾಹಿಯಾ, ಅಮೋಜ್ ಜೇಕಬ್, ಮುಹಮ್ಮದ್ ಅಜ್ಮಲ್ ಮತ್ತು ರಾಜೇಶ್ ರಮೇಶ್ 2 ನಿಮಿಷ 59.05 ಸೆಕೆಂಡುಗಳಲ್ಲಿ ಓಟ ಮುಗಿಸಿದರು. ಅಮೆರಿಕದ ಕಾಲ 2:58.47. ಜಪಾನ್ ಹಿಂದಿನ ವರ್ಷ ಸ್ಥಾಪಿಸಿದ್ದ 2:59.51ರ ಏಷ್ಯಾ ದಾಖಲೆಯನ್ನು ನಮ್ಮವರು ಅಂದು ಅಳಿಸಿದರು. ಆಗ ಭಾರತದ ವೈಯಕ್ತಿಕ 400 ಮೀಟರ್ ರಾಷ್ಟ್ರೀಯ ದಾಖಲೆ ಅನಸ್ ಅವರದೇ ಆಗಿದ್ದ 45.21 ಸೆಕೆಂಡು. ನಾಲ್ವರೂ ಆ ರಾಷ್ಟ್ರೀಯ ದಾಖಲೆಯ ಮಟ್ಟದಲ್ಲೇ ಓಡಿದರು ಎಂದು ಭಾವಿಸಿ ನಾಲ್ಕರಿಂದ ಗುಣಿಸಿದರೂ ಸಿಗುವುದು 3 ನಿಮಿಷ 0.84 ಸೆಕೆಂಡು. ಅಂದರೆ ತಂಡವು ದೇಶದ ಅತ್ಯುತ್ತಮ ಓಟಗಾರನ ನಾಲ್ಕು ಪ್ರತಿಗಳಿಗಿಂತಲೂ 1.79 ಸೆಕೆಂಡು ಬೇಗ ಓಡಿತು. ಇದು ಪವಾಡವಲ್ಲ. ಇಂಥದ್ದೇ ಲೆಕ್ಕ 4×100ರ ವಿಶ್ವ ದಾಖಲೆಯಲ್ಲೂ ಇದೆ: ಉಸೇನ್ ಬೋಲ್ಟ್ ಅವರ 100 ಮೀಟರ್ ವಿಶ್ವ ದಾಖಲೆಯಾದ 9.58 ಸೆಕೆಂಡುಗಳನ್ನು ನಾಲ್ಕರಿಂದ ಗುಣಿಸಿದರೆ 38.32 ಆಗುತ್ತದೆ, ಆದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಮೈಕಾ ತಂಡ ಓಡಿದ್ದು 36.84ರಲ್ಲಿ.

ಈ ಲಾಭ ಬರುವುದು ಆರಂಭದಿಂದ. ನಿಂತಲ್ಲಿಂದ ಮೈಯನ್ನು ವೇಗಕ್ಕೆ ತರುವುದು ಓಟದಲ್ಲೇ ಅತ್ಯಂತ ದುಬಾರಿಯಾದ ಕೆಲಸ. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ ವಿಶ್ವ ದಾಖಲೆ ಬರೆದಾಗ ಅವರ ಮೊದಲ 10 ಮೀಟರ್‌ಗೆ 1.89 ಸೆಕೆಂಡು ಹಿಡಿಯಿತು. ಪೂರ್ಣ ವೇಗದಲ್ಲಿದ್ದಾಗ ಅಷ್ಟೇ ದೂರಕ್ಕೆ 0.81 ಸೆಕೆಂಡು ಸಾಕಾಯಿತು. ರಿಲೇಯಲ್ಲಿ ಈ ದಂಡವನ್ನು ತೆರುವವನು ಮೊದಲ ಓಟಗಾರನೊಬ್ಬನೇ. ಉಳಿದ ಮೂವರು ಬ್ಯಾಟನ್ ಕೈಗೆ ಬರುವ ಮುನ್ನವೇ ಓಡಲು ತೊಡಗಿರುತ್ತಾರೆ. ಆದ್ದರಿಂದ 45.5 ಸೆಕೆಂಡಿನ ಓಟಗಾರನೊಬ್ಬ ರಿಲೇಯಲ್ಲಿ 45ರೊಳಗೆ ಓಡಿದನೆಂದರೆ ಅವನು ಅಂದು ಹೊಸ ಮನುಷ್ಯನಾದನೆಂದಲ್ಲ, ಓಡುತ್ತಲೇ ಓಟವನ್ನು ಆರಂಭಿಸುವ ಅವಕಾಶ ಅವನಿಗೆ ಸಿಕ್ಕಿತೆಂದು ತಿಳಿಯಬೇಕು.

ಆದರೆ ಈ ಲಾಭ ಎಲ್ಲ ತಂಡಗಳಿಗೂ ಸಮಾನವಾಗಿ ದೊರೆಯುವಂಥದ್ದು. ಹಾಗಿದ್ದಮೇಲೆ ನಮ್ಮವರು ಮುಂದೆ ಬಂದದ್ದಕ್ಕೆ ಬೇರೆ ಕಾರಣ ಬೇಕಲ್ಲವೇ? ನನ್ನ ದೃಷ್ಟಿಯಲ್ಲಿ ಆ ಕಾರಣ ನಾಲ್ವರ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿದ್ದುದು. ದೊಡ್ಡ ಓಟಗಾರನೊಬ್ಬನನ್ನೂ ದುರ್ಬಲನಾದ ಒಬ್ಬನನ್ನೂ ಹೊಂದಿರುವ ತಂಡ 4×400ರಲ್ಲಿ ಎರಡು ಸಲ ನಷ್ಟ ಅನುಭವಿಸುತ್ತದೆ. ದುರ್ಬಲನು ಕಳೆದುಕೊಂಡ ಕಾಲ ಒಂದು ನಷ್ಟವಾದರೆ, ಹಿಂದೆ ಬಿದ್ದ ತಂಡದ ಮುಂದಿನ ಓಟಗಾರ ಗುಂಪಿನ ಹೊರಬದಿಯಿಂದ ಸುತ್ತು ಹಾಕಿ ಹೆಚ್ಚು ದೂರ ಓಡಬೇಕಾಗುವುದು ಇನ್ನೊಂದು. ಈ ಎರಡನೆಯ ನಷ್ಟವನ್ನು ಟಿವಿಯಲ್ಲಿ ನೋಡುವವರು ಗಮನಿಸುವುದೇ ಕಡಿಮೆ.

ಇದನ್ನು ವಿವರಿಸಲು ನಿಯಮವನ್ನು ಸ್ವಲ್ಪ ಹೇಳಬೇಕು. 4×400ರಲ್ಲಿ ಮೊದಲ ಓಟಗಾರ ಇಡೀ ಸುತ್ತನ್ನು ತನ್ನ ಲೇನಿನಲ್ಲೇ ಓಡುತ್ತಾನೆ. ಎರಡನೆಯವನು ಮೊದಲ ತಿರುವು ಮುಗಿಯುವವರೆಗೆ ಲೇನಿನಲ್ಲಿದ್ದು, ಆಮೇಲೆ ಒಳಗಿನ ಅಂಚಿಗೆ ಸರಿಯುತ್ತಾನೆ. ಮೂರನೆಯ ಮತ್ತು ನಾಲ್ಕನೆಯ ಓಟಗಾರರು ಬ್ಯಾಟನ್‌ಗಾಗಿ ಎಲ್ಲಿ ನಿಲ್ಲಬೇಕೆಂಬುದು, ತಮ್ಮ ತಂಡದ ಓಟಗಾರ ಸುತ್ತಿನ 200 ಮೀಟರ್ ಬಿಂದುವನ್ನು ಎಷ್ಟನೆಯವನಾಗಿ ದಾಟಿದ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಅಧಿಕಾರಿಗಳು ಅದೇ ಕ್ರಮದಲ್ಲಿ ಅವರನ್ನು ಒಳಗಿನಿಂದ ಹೊರಕ್ಕೆ ಸಾಲಾಗಿ ನಿಲ್ಲಿಸುತ್ತಾರೆ, ಆಮೇಲೆ ಜಾಗ ಬದಲಿಸುವಂತಿಲ್ಲ. ಹೀಗಾಗಿ ಎರಡನೆಯ ಓಟಗಾರ ಗುಂಪಿನ ಮುಂಭಾಗದಲ್ಲಿದ್ದರೆ ಮೂರನೆಯವನಿಗೆ ಒಳಗಿನ ಜಾಗ ಸಿಗುತ್ತದೆ, ಯಾರ ಮೊಣಕೈಯೂ ತಾಗದೆ ಅವನು ಹೊರಡುತ್ತಾನೆ. ಸಮಬಲದ ನಾಲ್ವರಿರುವ ತಂಡಕ್ಕೆ ಈ ಸೌಕರ್ಯ ಒಂದರಿಂದ ಒಂದಕ್ಕೆ ಸರಪಳಿಯಂತೆ ಮುಂದುವರಿಯುತ್ತದೆ.

4×400ರ ಬ್ಯಾಟನ್ ಬದಲಾವಣೆಯೂ ಬೇರೆಯ ಬಗೆಯದು. ಅಲ್ಲಿ ಬದಲಾವಣೆ ವಲಯ, ಅಂದರೆ ಬ್ಯಾಟನ್ ಕೈ ಬದಲಾಗಲೇಬೇಕಾದ ಗುರುತು ಮಾಡಿದ ಜಾಗ, 20 ಮೀಟರ್. ಬರುವವನು ಸುತ್ತು ಮುಗಿಸಿ ಕಾಲು ಕಬ್ಬಿಣವಾಗಿರುವ ಸ್ಥಿತಿಯಲ್ಲಿರುತ್ತಾನೆ. ಅವನ ಕೈಯಿಂದ ನಿಖರತೆಯನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಪಡೆಯುವವನು ಹಿಂದಿರುಗಿ ನೋಡುತ್ತಾ, ಬರುವವನಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಅಳೆಯುತ್ತಾ, ಅದಕ್ಕೆ ತಕ್ಕಂತೆ ಹೊರಟು, ಬ್ಯಾಟನ್ನನ್ನು ತಾನೇ ತೆಗೆದುಕೊಳ್ಳಬೇಕು. ಹೊಣೆಯೆಲ್ಲ ಪಡೆಯುವವನದು. 4×100ರಲ್ಲಿ ಪಡೆಯುವವನು ಹಿಂದೆ ನೋಡುವುದೇ ಇಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮರುದಿನದ ಫೈನಲ್‌ನಲ್ಲಿ ನಮ್ಮ ತಂಡ 2:59.92ರಲ್ಲಿ ಓಡಿ ಐದನೆಯ ಸ್ಥಾನ ಪಡೆಯಿತು, ಅಮೆರಿಕ 2:57.31ರೊಂದಿಗೆ ಚಿನ್ನ ಗೆದ್ದಿತು, ಫ್ರಾನ್ಸ್ ಮತ್ತು ಬ್ರಿಟನ್ ಪದಕ ಪಡೆದವು. ಹೀಟ್ಸ್‌ನಲ್ಲಿ ಅಷ್ಟು ಹತ್ತಿರವಿದ್ದವರು ಫೈನಲ್‌ನಲ್ಲಿ ದೂರವಾದರಲ್ಲ ಎಂದು ಅಂದು ಅನೇಕರು ನೊಂದುಕೊಂಡರು. ನಾನು ಹಾಗೆ ಎಣಿಸುವುದಿಲ್ಲ. ದೊಡ್ಡ ತಂಡಗಳು ಹೀಟ್ಸ್‌ನಲ್ಲಿ ತಮ್ಮ ಕೆಲವು ಅತ್ಯುತ್ತಮ ಓಟಗಾರರಿಗೆ ವಿಶ್ರಾಂತಿ ಕೊಟ್ಟು ಫೈನಲ್‌ಗೆ ಇಳಿಸುವುದು ವಾಡಿಕೆ. ನಮ್ಮ ನಾಲ್ವರು ಎರಡು ದಿನ ಸತತವಾಗಿ ಓಡಿ ಎರಡೂ ಸಲ ಮೂರು ನಿಮಿಷದೊಳಗೆ ಬಂದರು. ಕೆಲವೇ ವಾರಗಳ ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ನಾಲ್ವರು 3:01.58ರಲ್ಲಿ ಚಿನ್ನ ಗೆದ್ದರು. ಮಿಲ್ಖಾ ಸಿಂಗ್ ಅವರಿದ್ದ ತಂಡ 1962ರಲ್ಲಿ ಜಕಾರ್ತದಲ್ಲಿ ಗೆದ್ದ ಮೇಲೆ ಈ ಸ್ಪರ್ಧೆಯಲ್ಲಿ ನಮ್ಮ ಪುರುಷರಿಗೆ ಚಿನ್ನ ಬಂದದ್ದು 61 ವರ್ಷಗಳ ನಂತರ. ಆ ಸುದ್ದಿ ಬಂದ ದಿನ ನನ್ನ ಕಣ್ಣು ತುಂಬಿತ್ತು ಎಂಬುದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮ ಕೊರತೆ ಇರುವುದು ಐದನೆಯ ಮತ್ತು ಆರನೆಯ ಓಟಗಾರನಲ್ಲಿ. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನಲ್ಲಿ ನಡೆದ ವಿಶ್ವ ರಿಲೇ ಸ್ಪರ್ಧೆಯ ಮೊದಲ ದಿನ ರಾಜೇಶ್ ರಮೇಶ್ ಸ್ನಾಯು ಸೆಳೆತದಿಂದ ನಡುವೆಯೇ ನಿಲ್ಲಬೇಕಾಯಿತು, ತಂಡ ಓಟ ಮುಗಿಸಲಿಲ್ಲ. ಮರುದಿನ ಅನುಭವಿ ಆರೋಕ್ಯ ರಾಜೀವ್ ಜಾಗ ತುಂಬಿದ್ದರಿಂದ 3:03.23ರಲ್ಲಿ ಓಡಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕಿತು. ಪ್ಯಾರಿಸ್‌ನಲ್ಲಿ ಹೀಟ್ಸ್ ದಾಟಲಾಗಲಿಲ್ಲ. ಅಲ್ಲಿನ ಫೈನಲ್‌ನಲ್ಲಿ ಅಮೆರಿಕ 2:54.43, ಬೋಟ್ಸ್ವಾನ 2:54.53 ಓಡಿದವು ಎಂದರೆ ಈ ಓಟ ಎಷ್ಟು ಎತ್ತರಕ್ಕೇರಿದೆ ಎಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಮಗನ ಓಟವಾದ 4×100ಕ್ಕೆ ಬರೋಣ.

ನೀವು ಡೊಂಬಿವಲಿಯವರು, ಆದ್ದರಿಂದ ಈ ದೃಶ್ಯ ನಿಮಗೆ ಪರಿಚಿತ. ಫಾಸ್ಟ್ ಲೋಕಲ್ ಮತ್ತು ಸ್ಲೋ ಲೋಕಲ್ ಕೆಲವು ಕ್ಷಣ ಒಂದೇ ವೇಗದಲ್ಲಿ ಅಕ್ಕಪಕ್ಕ ಓಡುವಾಗ, ಎದುರಿನ ಗಾಡಿಯ ಕಿಟಕಿಯಲ್ಲಿ ಕುಳಿತವರ ಮುಖ ಅಲುಗಾಡದೆ ನಿಂತಂತೆ ಕಾಣುತ್ತದೆ. ಒಂದು ಗಾಡಿ ಸ್ವಲ್ಪ ವೇಗ ಹೆಚ್ಚಿಸಿದ ಕೂಡಲೇ ಆ ಮುಖ ಜಾರಿಹೋಗುತ್ತದೆ. 4×100ರಲ್ಲಿ ಬ್ಯಾಟನ್ ಕೈ ಬದಲಾಗಬೇಕಾದದ್ದು ಅಂಥ ಕ್ಷಣದಲ್ಲಿ. ಬರುವವನು ಪೂರ್ಣ ವೇಗದಲ್ಲಿದ್ದು, ಹೊರಟವನು ಅವನ ವೇಗವನ್ನು ಆಗಷ್ಟೇ ಮುಟ್ಟಿರುವಾಗ ಒಬ್ಬನ ಕೈ ಇನ್ನೊಬ್ಬನ ಕೈಗೆ ನಿಶ್ಚಲವಾಗಿ ಸಿಗುತ್ತದೆ. ಹೊರಟವನು ಇನ್ನೂ ನಿಧಾನವಾಗಿದ್ದರೆ ಬರುವವನು ಅವನ ಮೇಲೆ ಏರಿಹೋಗುತ್ತಾನೆ, ವೇಗ ತಗ್ಗಿಸಲೇಬೇಕು. ಹೊರಟವನು ಬೇಗ ಹೊರಟುಬಿಟ್ಟಿದ್ದರೆ ಅವನನ್ನು ಹಿಡಿಯುವುದರೊಳಗೆ ವಲಯ ಮುಗಿದುಹೋಗುತ್ತದೆ. ಅಮೆರಿಕದ ಇತ್ತೀಚಿನ ಕಥೆ ಈ ಎರಡನೆಯ ಬಗೆಯದು.

2024ರ ಪ್ಯಾರಿಸ್ ಫೈನಲ್‌ನಲ್ಲಿ ಮೊದಲ ಓಟಗಾರ ಕ್ರಿಶ್ಚಿಯನ್ ಕೋಲ್ಮನ್ ಹತ್ತಿರ ಬರುವ ಮುನ್ನವೇ ಎರಡನೆಯ ಓಟಗಾರ ಕೆನ್ನಿ ಬೆಡ್ನರೆಕ್ ಹೊರಟುಬಿಟ್ಟರು, ಬ್ಯಾಟನ್ ಸಿಗುವಷ್ಟರಲ್ಲಿ ವಲಯ ದಾಟಿತ್ತು, ತಂಡ ಅನರ್ಹಗೊಂಡಿತು, ಕೆನಡಾ 37.50ರಲ್ಲಿ ಚಿನ್ನ ಗೆದ್ದಿತು. 2016ರ ರಿಯೊದಲ್ಲಿ ಇದಕ್ಕೆ ವ್ಯತಿರಿಕ್ತವಾದ ತಪ್ಪಾಗಿತ್ತು: ವಲಯ ಆರಂಭವಾಗುವ ಮುನ್ನವೇ ಬ್ಯಾಟನ್ ಕೈ ಬದಲಾದ್ದರಿಂದ ಮೂರನೆಯವರಾಗಿ ಬಂದ ಅಮೆರಿಕನ್ನರು ಕಂಚು ಕಳೆದುಕೊಂಡರು. ನೆನಪಿಡಿ, ಇಲ್ಲಿ ನೋಡುವುದು ಬ್ಯಾಟನ್ ಎಲ್ಲಿದೆ ಎಂಬುದನ್ನು. ಓಟಗಾರನ ಕಾಲು ಎಲ್ಲಿದೆ ಎಂಬುದನ್ನಲ್ಲ. ಪಡೆಯುವವನ ಕೈ ಬ್ಯಾಟನ್ನನ್ನು ಮೊದಲು ಸೋಕಿದ ಕ್ಷಣದಿಂದ, ಅದು ಅವನೊಬ್ಬನ ಕೈಯಲ್ಲೇ ಉಳಿಯುವ ಕ್ಷಣದವರೆಗೆ ಎಲ್ಲವೂ ವಲಯದೊಳಗೆ ನಡೆಯಬೇಕು.

ಅದೇ ರಿಯೊದಲ್ಲಿ ಜಪಾನ್ 37.60ರಲ್ಲಿ ಓಡಿ ಬೆಳ್ಳಿ ಗೆದ್ದಿತು. ಯಮಗಾಟ, ಈಜುಕಾ, ಕಿರ್ಯು, ಕೇಂಬ್ರಿಡ್ಜ್, ಈ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ 100 ಮೀಟರನ್ನು 10 ಸೆಕೆಂಡಿನೊಳಗೆ ಓಡಿರಲಿಲ್ಲ. ಅವರು ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿ, ಕೆಳಗಿನಿಂದ ಮೇಲಕ್ಕೆ ಬ್ಯಾಟನ್ ಕೊಡುವ ವಿಧಾನವನ್ನು ಹದಗೊಳಿಸಿಕೊಂಡಿದ್ದರು. ಅದರಲ್ಲಿ ಪಡೆಯುವವನ ಕೈ ಸಹಜ ಓಟದ ಭಂಗಿಯಿಂದ ಹೆಚ್ಚು ದೂರ ಹೋಗಬೇಕಾಗಿಲ್ಲ. ಇಂಥ ಓಟವನ್ನು ನಾನು ನಮ್ಮಲ್ಲೇ ನೋಡಿದ್ದೇನೆ. 2013ರ ಜುಲೈನಲ್ಲಿ ಪುಣೆಯ ಬಾಲೇವಾಡಿಯಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ ಪುರುಷರ 4×100ರ ಚಿನ್ನ ಹೋದದ್ದು ಹಾಂಗ್‌ಕಾಂಗ್‌ಗೆ. ಜಪಾನ್, ಚೀನಾ ಓಡುತ್ತಿರುವ ಸ್ಪರ್ಧೆಯಲ್ಲಿ ಆ ಪುಟ್ಟ ನಾಡಿನ ತಂಡ ಗೆಲ್ಲುತ್ತದೆಂದು ಗ್ಯಾಲರಿಯಲ್ಲಿ ನನ್ನ ಸುತ್ತ ಕುಳಿತಿದ್ದವರು ಯಾರೂ ಎಣಿಸಿರಲಿಲ್ಲ. (ಅದೇ ಕೂಟದಲ್ಲಿ ನಮ್ಮ ಎಂ. ಆರ್. ಪೂವಮ್ಮ ಇದ್ದ ಮಹಿಳೆಯರ ತಂಡ 4×400ರಲ್ಲಿ ಚಿನ್ನ ಗೆದ್ದಾಗ ಗ್ಯಾಲರಿಯಲ್ಲಿ ಕನ್ನಡದ ಕೂಗೂ ಕೇಳಿಸಿತು.) ಈಗ ನಮ್ಮ ಪುರುಷರ 4×100 ಕೂಡ ಮೇಲೇರುತ್ತಿದೆ. 2025ರ ಏಪ್ರಿಲ್‌ನಲ್ಲಿ ಚಂಡೀಗಢದಲ್ಲಿ ಗುರಿಂದರ್‌ವೀರ್ ಸಿಂಗ್, ಅನಿಮೇಶ್ ಕುಜೂರ್, ಕರ್ನಾಟಕದ ಮಣಿಕಂಠ ಹೋಬಳಿದಾರ್ ಮತ್ತು ಅಮ್ಲಾನ್ ಬೊರ್ಗೊಹೈನ್ 38.69 ಸೆಕೆಂಡುಗಳ ರಾಷ್ಟ್ರೀಯ ದಾಖಲೆ ಬರೆದರು.

ನಿಮ್ಮ ಮಗನ ತಂಡದ ಸೋಲು ನನಗೆ ಚೆನ್ನಾಗಿ ಪರಿಚಿತವಾದ ಸೋಲು. ಹಲವು ವರ್ಷಗಳ ಹಿಂದೆ ಮುಂಬಯಿಯ ಉಪನಗರದ ಒಂದು ಕಾಲೇಜು ತಂಡವನ್ನು ನಾನು ತಯಾರು ಮಾಡಿದಾಗ, ನಾಲ್ವರು ವೇಗದ ಹುಡುಗರನ್ನು ಆರಿಸಿ, ಯಾರು ಯಾವ ಸ್ಥಾನದಲ್ಲಿ ಎಂಬುದನ್ನು ಸ್ಪರ್ಧೆಯ ಹಿಂದಿನ ದಿನ ನಿರ್ಧರಿಸಿದೆ. ಎರಡನೆಯ ಬದಲಾವಣೆಯಲ್ಲಿ ಬ್ಯಾಟನ್ ನೆಲಕ್ಕೆ ಬಿತ್ತು. ಹುಡುಗರು ಒಬ್ಬರನ್ನೊಬ್ಬರು ದೂರಿದರು, ತಪ್ಪು ನನ್ನದಾಗಿತ್ತು. ಅಂದಿನಿಂದ ನಾನು ಮೊದಲು ಸ್ಥಾನಗಳನ್ನು ನಿಗದಿ ಮಾಡಿ, ಆಮೇಲೆ ಜೋಡಿಗಳನ್ನು ಅಭ್ಯಾಸಕ್ಕೆ ಬಿಡುತ್ತೇನೆ, ಸ್ಪರ್ಧೆ ಮುಗಿಯುವವರೆಗೆ ಬದಲಿಸುವುದಿಲ್ಲ.

ಮೂರನೆಯ ಓಟಗಾರನ ಕೆಲಸ ಅತ್ಯಂತ ಕಷ್ಟದ್ದು, ಏಕೆಂದರೆ ಅವನು ತಿರುವಿನಲ್ಲಿ ಓಡುತ್ತಾನೆ, ಬ್ಯಾಟನ್ ಪಡೆಯಲೂ ಬೇಕು, ಕೊಡಲೂ ಬೇಕು. ಕೈಗಳ ಕ್ರಮ ಹೀಗಿರಲಿ: ಮೊದಲನೆಯವನು ಬಲಗೈಯಲ್ಲಿ ಹಿಡಿದು ಹೊರಟು ಎರಡನೆಯವನ ಎಡಗೈಗೆ ಕೊಡಲಿ, ಅವನು ಎಡಗೈಯಿಂದ ನಿಮ್ಮ ಮಗನ ಬಲಗೈಗೆ ಕೊಡಲಿ, ನಿಮ್ಮ ಮಗ ಬಲಗೈಯಿಂದ ಕೊನೆಯವನ ಎಡಗೈಗೆ ಕೊಡಲಿ. ನಡುವೆ ಯಾರೂ ಬ್ಯಾಟನ್ನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಳ್ಳಬಾರದು. ಶಾಲಾ ತಂಡಗಳಲ್ಲಿ ಬ್ಯಾಟನ್ ಬೀಳುವುದು ಬಹುಪಾಲು ಆಗಲೇ. ಬಲಗೈಯಲ್ಲಿ ಬ್ಯಾಟನ್ ಇರುವುದರಿಂದ ನಿಮ್ಮ ಮಗ ತಿರುವಿನ ಉದ್ದಕ್ಕೂ ಲೇನಿನ ಒಳಗೆರೆಗೆ ಅಂಟಿಕೊಂಡು ಓಡಬಹುದು. ಬ್ಯಾಟನ್‌ಗಾಗಿ ಕಾಯುವಾಗಲೂ ಅವನು ಲೇನಿನ ಒಳ ಅರ್ಧದಲ್ಲಿ ನಿಲ್ಲಬೇಕು, ಬರುವವನು ಹೊರ ಅರ್ಧದಲ್ಲಿ ಬರಬೇಕು. ಆಗ ಇಬ್ಬರ ಕೈಗಳೂ ಲೇನಿನ ನಡುವೆ ಎದುರಾಗುತ್ತವೆ, ಹಿಮ್ಮಡಿ ತುಳಿಯುವ ಭಯವಿರುವುದಿಲ್ಲ.

ವಲಯದ ಬಗ್ಗೆ ಒಂದು ಎಚ್ಚರಿಕೆ. ಹಿಂದೆ 4×100ರಲ್ಲಿ ವಲಯ 20 ಮೀಟರ್ ಇತ್ತು, ಅದಕ್ಕೆ ಮುನ್ನ ವೇಗ ಪಡೆಯಲು 10 ಮೀಟರ್ ಬೇರೆಯಾಗಿ ಇತ್ತು. ಈಗ ಎರಡೂ ಸೇರಿ 30 ಮೀಟರಿನ ಒಂದೇ ವಲಯವಾಗಿದೆ. ಸುಣ್ಣದ ಗೆರೆ ಎಳೆದ ಮಣ್ಣಿನ ಮೈದಾನಗಳಲ್ಲಿ ಇಂದಿಗೂ ಹಳೆಯ ಅಳತೆ ಕಾಣಸಿಗುವುದರಿಂದ, ಓಟಕ್ಕೆ ಮುನ್ನ ಯಾವ ಗೆರೆ ಯಾವುದೆಂದು ಅಧಿಕಾರಿಗಳನ್ನು ಕೇಳಿ ತಿಳಿದುಕೊಳ್ಳಲಿ. 30 ಮೀಟರ್ ಸಿಕ್ಕಿತೆಂದು ಆರಂಭದಲ್ಲೇ ಬ್ಯಾಟನ್ ಪಡೆದರೆ ಆ ಜಾಗ ವ್ಯರ್ಥ. ಹೊರಟವನು ವೇಗ ಪಡೆದಿರುವ ಕೊನೆಯ 10 ಮೀಟರಿನಲ್ಲಿ ಬದಲಾವಣೆ ಆಗಬೇಕು.

ಯಾವಾಗ ಹೊರಡಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ತಾನು ನಿಂತ ಜಾಗದಿಂದ ಹಿಂದಕ್ಕೆ, ಹಿಮ್ಮಡಿಗೆ ಬೆರಳು ತಾಗಿಸಿ ಸುಮಾರು 18 ಪಾದಗಳಷ್ಟು ಅಳೆದು ಒಂದು ಗುರುತು ಮಾಡಲಿ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅಂಟುವ ಟೇಪು, ಮಣ್ಣಿನಲ್ಲಿ ಒಂದು ಗೀರು. ಬರುವವನು ಆ ಗುರುತನ್ನು ದಾಟಿದ ಕ್ಷಣ ನಿಮ್ಮ ಮಗ ಮುಂದೆ ತಿರುಗಿ, ಬೆನ್ನಹಿಂದೆ ಯಾರೂ ಇಲ್ಲವೇ ಇಲ್ಲವೆಂಬಂತೆ ಓಡಬೇಕು. ಕೈಯನ್ನು ಹಿಂದಕ್ಕೆ ಚಾಚಿಕೊಂಡೇ ಓಡಬಾರದು; ಹಿಂದಿನವನು ಕೂಗಿದಾಗ ಮಾತ್ರ ಚಾಚಿ, ಅಲುಗಾಡಿಸದೆ ಹಿಡಿಯಬೇಕು. ಎಂಟು ಲೇನುಗಳಲ್ಲಿ ಎಲ್ಲರೂ ‘ಹ್ಯಾಂಡ್’ ಎಂದೋ ‘ಸ್ಟಿಕ್’ ಎಂದೋ ಕೂಗುವಾಗ ಪಕ್ಕದವನ ಕೂಗಿಗೆ ಕೈ ಚಾಚಿದ ಹುಡುಗರನ್ನು ನಾನು ಕಂಡಿದ್ದೇನೆ. ನಿಮ್ಮ ಮಗನದು ಕನ್ನಡ ಬಲ್ಲ ತಂಡವಾದರೆ ‘ಹಿಡಿ’ ಎಂದು ಕೂಗಲಿ. ಮುಂಬಯಿಯ ಮೈದಾನದಲ್ಲಿ ಆ ಪದ ಬೇರೆ ಯಾವ ಲೇನಿನಿಂದಲೂ ಬರಲಾರದು.

ಗುರುತನ್ನು ತಿದ್ದುವ ರೀತಿ ಸರಳ. ಬರುವವನು ಮೈಮೇಲೆ ಬಿದ್ದರೆ ನಿಮ್ಮ ಮಗ ತಡವಾಗಿ ಹೊರಟನೆಂದು ಅರ್ಥ, ಗುರುತನ್ನು ಒಂದು ಪಾದ ಹಿಂದಕ್ಕೆ ಸರಿಸಬೇಕು. ಕೈಗೆ ಎಟುಕದೆ ಹೋದರೆ ಒಂದು ಪಾದ ಮುಂದಕ್ಕೆ ತರಬೇಕು. ಒಮ್ಮೆಗೆ ಒಂದೇ ಪಾದ ಬದಲಿಸಿ, ಮೈ ದಣಿಯದಿರುವಾಗ ಪೂರ್ಣ ವೇಗದಲ್ಲಿ ಪರೀಕ್ಷಿಸಲಿ. ದಣಿದ ಮೇಲೆ ಕಂಡುಕೊಂಡ ಗುರುತು ಸ್ಪರ್ಧೆಯ ದಿನ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಮೈದಾನ ಸಿಗದಿದ್ದರೆ ಕಟ್ಟಡದ ಪಾರ್ಕಿಂಗ್ ಜಾಗದಲ್ಲಿ ನಾಲ್ವರೂ ಸಾಲಾಗಿ ನಡೆಯುತ್ತಾ ದಿನಕ್ಕೆ ಐವತ್ತು ಸಲ ಬ್ಯಾಟನ್ ದಾಟಿಸಿದರೂ ಕೈ ಪಳಗುತ್ತದೆ. ಅಭ್ಯಾಸದ ಬ್ಯಾಟನ್ ನಿಜವಾದ ಅಳತೆಯದೇ ಇರಲಿ: 28ರಿಂದ 30 ಸೆಂಟಿಮೀಟರ್ ಉದ್ದ, ಸುಮಾರು 4 ಸೆಂಟಿಮೀಟರ್ ದಪ್ಪ, 50 ಗ್ರಾಂಗೆ ಕಡಿಮೆಯಿಲ್ಲದ ತೂಕ. ತೆಳ್ಳಗಿನ ಪ್ಲಾಸ್ಟಿಕ್ ಪೈಪಿನ ತುಂಡಿನಲ್ಲಿ ಪಳಗಿದ ಕೈಗೆ ಸ್ಪರ್ಧೆಯ ಬ್ಯಾಟನ್ ಅಪರಿಚಿತವೆನಿಸುತ್ತದೆ.

ಹಾಗಿದ್ದೂ ಬ್ಯಾಟನ್ ಬಿದ್ದರೆ ಓಟ ಮುಗಿದಂತಲ್ಲ. ಯಾರ ಕೈಯಿಂದ ಬಿದ್ದಿತೋ ಅವನೇ ಎತ್ತಿಕೊಳ್ಳಬೇಕು. ಇತರರಿಗೆ ಅಡ್ಡಿಯಾಗದಿದ್ದರೆ, ಓಡಬೇಕಾದ ದೂರ ಕಡಿಮೆಯಾಗದಿದ್ದರೆ, ಅದಕ್ಕಾಗಿ ಲೇನ್ ಬಿಟ್ಟು ಹೋಗಲೂ ಅವನಿಗೆ ಅನುಮತಿಯಿದೆ. ಇದನ್ನು ತಿಳಿಯದೆ ಇನ್ನೊಬ್ಬ ಹುಡುಗ ಎತ್ತಿಕೊಟ್ಟು ಅನರ್ಹರಾದ ತಂಡಗಳಿವೆ.

ನಿಮ್ಮಿಂದ ಆಗಬೇಕಾದ ಕೆಲಸವೂ ಒಂದಿದೆ. ಅಭ್ಯಾಸದ ವೇಳೆ ವಲಯದ ಪಕ್ಕದಲ್ಲಿ ನಿಂತು, ಬ್ಯಾಟನ್ ವಲಯದ ಮೊದಲ ಗೆರೆ ದಾಟಿದಾಗಿನಿಂದ ಕೊನೆಯ ಗೆರೆ ದಾಟುವವರೆಗಿನ ಕಾಲವನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆದು, ಅಂದಿನ ಪಾದಗಳ ಸಂಖ್ಯೆಯ ಜೊತೆಗೆ ಪುಸ್ತಕದಲ್ಲಿ ಬರೆದಿಡಿ. ಹತ್ತು ಹದಿನೈದು ಅಳತೆಗಳಾಗುವಷ್ಟರಲ್ಲಿ ಯಾವ ಗುರುತಿನಲ್ಲಿ ಬ್ಯಾಟನ್ ಅತಿ ಬೇಗ ಸಾಗುತ್ತದೆಂದು ಆ ಪುಟವೇ ಹೇಳುತ್ತದೆ. ಸ್ಪರ್ಧೆಯ ದಿನ ಗುರುತು ಅಳೆಯುವಾಗ ನಿಮ್ಮ ಮಗ ಅಭ್ಯಾಸದಲ್ಲಿ ಧರಿಸುತ್ತಿದ್ದ ಬೂಟನ್ನೇ ಧರಿಸಿರಲಿ. ಹೊಸ ಬೂಟಿನ ಉದ್ದ ಅರ್ಧ ಸೆಂಟಿಮೀಟರ್ ಹೆಚ್ಚಿದ್ದರೂ 18 ಪಾದಗಳಿಗೆ ಗುರುತು 9 ಸೆಂಟಿಮೀಟರ್ ಆಚೆ ಸರಿದಿರುತ್ತದೆ.